ಗರುಡನ ವ್ರತ

ಆಕಾಶದ ಹಕ್ಕಿಗೂ ನೆಲದ ಮನುಷ್ಯನಿಗೂ ಇರುವ ಸಂಬಂಧ ಬಹಳ ಗಹನವಾದದ್ದು. ನಾನು ಕಂಡಂತೆ ಅದು ಅಡುಗೆಮನೆಯ ತಕ್ಕಡಿಯ ಮೇಲೆ ನಿಂತಿದೆ. ಗರುಡ ಬರುವವರೆಗೂ ಅದರಲ್ಲಿ ನನ್ನ ಹೆಂಡತಿ ಮೈಸೂರುಪಾಕಿನ ಕಡಲೆಹಿಟ್ಟು ತೂಗುತ್ತಿದ್ದಳು.

ಫಳ್ನೀರಿನ ನಮ್ಮ ಮನೆಯ ತಾರಸಿಗೆ ರೆಕ್ಕೆ ಮುರಿದ ಗರುಡವೊಂದು ಬಂದು ಬಿದ್ದಿತ್ತು. ಪಶುವೈದ್ಯರು ರೆಕ್ಕೆ ಕೂಡಿಸಿದರು. ಅರಣ್ಯ ಇಲಾಖೆಯಿಂದ ಒಂದು ತಿಂಗಳು ನಮ್ಮಲ್ಲೇ ಇಟ್ಟುಕೊಳ್ಳುವ ಅನುಮತಿಯನ್ನೂ ಕೊಡಿಸಿದರು. "ತಿಂಗಳೊಳಗೆ ತಾರಸಿಯ ಈ ತುದಿಯಿಂದ ಆ ತುದಿಗೆ ಹತ್ತು ಸಲ ಹಾರಬೇಕು. ಇಲ್ಲದಿದ್ರೆ ಜೀವಮಾನ ಪೂರ್ತಿ ಪಂಜರವೇ," ಎಂದರು.

ಹಾರಿಸುವ ವಿದ್ಯೆ ಬಲ್ಲವರು ನನ್ನ ಪರಿಚಯದಲ್ಲಿ ಒಬ್ಬರೇ, ತೊಕ್ಕೊಟ್ಟಿನ ಹಾಜಿಯವರು. ಗಲ್ಫಿನ ಶ್ರೀಮಂತರೊಬ್ಬರ ಬೇಟೆಯ ಗಿಡುಗಗಳನ್ನು ಇಪ್ಪತ್ತು ವರ್ಷ ಪಳಗಿಸಿ, ಈಗ ಚಪ್ಪಲಿ ಅಂಗಡಿ ಇಟ್ಟಿದ್ದರು. ಅವರು ನನ್ನ ಕೈಗೆ ಚರ್ಮದ ಗವಸು ತೊಡಿಸಿ, ಹಕ್ಕಿಯ ಕಾಲಿಗೆ ಉದ್ದನೆಯ ದಾರ ಕಟ್ಟಿ, ಗವಸಿನ ಮೇಲೆ ಉಗುರಿನಷ್ಟು ಮೀನು ಇಟ್ಟರು. ಏಳು ತಲೆಮಾರಿನ ಪುರೋಹಿತ ವಂಶದಲ್ಲಿ ಮೀನು ಹಿಡಿದ ಮೊದಲಿಗನೆಂಬ ಕೀರ್ತಿ ಹೀಗೆ ನನಗೆ ಸಂದಿತು.

"ಹೊಟ್ಟೆ ತುಂಬಿದ್ರೆ ಇದು ಕೈಗೆ ಬರುದಿಲ್ಲ ಮಾಷ್ಟ್ರೇ. ಇದರ ತೂಕ ಐನೂರ ಹತ್ತು ಗ್ರಾಂ ಇರ್ಬೇಕು. ದಿನಾ ತೂಗಿ."

ತೂಗಿದೆ. ಐನೂರ ನಲವತ್ತು. ಐನೂರ ಅರವತ್ತು. ಎರಡು ವಾರ ಕಳೆದರೂ ಗರುಡ ನನ್ನ ಗವಸನ್ನು ನಿವೃತ್ತ ನ್ಯಾಯಾಧೀಶರಂತೆ ನೋಡಿತೇ ಹೊರತು ಕದಲಲಿಲ್ಲ.

"ಎಂತ ಮಾರಾಯ್ರೆ, ನೀವು ಗರುಡ ಸಾಕುದಾ, ಕೋಳಿ ಸಾಕುದಾ?" ಎಂದರು ಹಾಜಿಯವರು.

ಆ ಮಧ್ಯಾಹ್ನವೇ ನಾವಿಬ್ಬರೂ ಮೆಟ್ಟಿಲು ಹತ್ತಿದಾಗ ಗುಟ್ಟು ರಟ್ಟಾಯಿತು. ಏಕಾದಶಿಯಂದು ಈರುಳ್ಳಿಯನ್ನು ಹೊಸ್ತಿಲು ದಾಟಲು ಬಿಡದ ನನ್ನ ಹೆಂಡತಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಕ್ಕಿಗೆ ಒಂದೊಂದೇ ಬೂತಾಯಿ ಮೀನು ಕೊಡುತ್ತಿದ್ದಳು.

"ಇದೆಂತದು?" ಎಂದೆ.

"ಮತ್ತೆಂತ? ವಿಷ್ಣುವಿನ ವಾಹನವನ್ನು ನಿಮ್ಮ ತಕ್ಕಡಿಗೋಸ್ಕರ ಉಪವಾಸ ಹಾಕುದಾ? ಮನೆಗೆ ಬಂದದ್ದು ಹಸಿದು ಕೂತ್ಕೊಳ್ಳುದಾ?"

ಹಾಜಿಯವರು ಗಂಭೀರವಾಗಿ ಹೇಳಿದರು: "ಅಕ್ಕಾ, ನಮಗೆ ರಂಜಾನ್ ಉಂಟು, ನಿಮಗೆ ಏಕಾದಶಿ ಉಂಟು. ಇವನಿಗೂ ಒಂದು ಹತ್ತು ದಿನ ವ್ರತ ಅಂತ ಇಟ್ಕೊಳ್ಳಿ."

ಅವಳು ಯೋಚಿಸಿದಳು. "ವ್ರತ ಆದ್ರೆ ಸರಿ. ಅದನ್ನು ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ?"

ಅಂದಿನಿಂದ ತಕ್ಕಡಿ ಅವಳ ವಶವಾಯಿತು. ಒಂದು ಗ್ರಾಂ ಹೆಚ್ಚು ಕೊಡಲು ಹಾಜಿಯವರಿಗೂ ಧೈರ್ಯ ಬರಲಿಲ್ಲ. ಐನೂರ ಹನ್ನೆರಡಕ್ಕೆ ಇಳಿದ ದಿನ ದಾರ ಸರ್ರನೆ ಓಡಿತು, ಗಾಳಿ ಮುಖಕ್ಕೆ ಬಡಿಯಿತು, ನನ್ನ ಮುಷ್ಟಿ ಒಮ್ಮೆಲೇ ಭಾರವಾಯಿತು. "ಬಂತು!" ಎಂದು ನಾನು ಕೂಗಿದ ಕೂಗಿಗೆ ಎದುರಿನ ಆಸ್ಪತ್ರೆಯ ಕಿಟಕಿಗಳಲ್ಲಿ ತಲೆಗಳು ಕಂಡವು.

ಗಡುವಿನ ದಿನ ವೈದ್ಯರು ಬೆರಳು ಮಡಚುತ್ತ ಎಣಿಸಿದರು. ಹತ್ತಾಯಿತು. ಯಾರೂ ಕೇಳದಿದ್ದರೂ ಗರುಡ ಹನ್ನೊಂದನೆಯ ಸಲವೂ ಹಾರಿತು.

"ಪಾಸ್, ಮಾಷ್ಟ್ರೇ!" ಎಂದು ಹಾಜಿಯವರು ಬೆನ್ನು ತಟ್ಟಿದರು. ಮೂವತ್ತು ವರ್ಷ ಮಕ್ಕಳಿಗೆ ನಾನು ಹೇಳುತ್ತಿದ್ದ ಮಾತು ಕೊನೆಗೂ ನನ್ನ ಪಾಲಿಗೆ ಬಂತು.

ಮರುದಿನ ಬೆಳಿಗ್ಗೆ ಹೆಂಡತಿ ಅದಕ್ಕೆ ಹೊಟ್ಟೆ ತುಂಬ ಬೂತಾಯಿ ಕೊಟ್ಟು ವ್ರತ ಮುಗಿಸಿದಳು. ನಾನು ದಾರ ಬಿಚ್ಚಿದೆ. ಗರುಡ ನೇತ್ರಾವತಿಯ ಕಡೆಗೆ ಹಾರಿತು. ಕೈಗೆ ಬರಲಿಲ್ಲ.