ಸಿಪಿಯು ಹಿಂದಿನ ಬನಿಯನ್

ಕೇಳಿ ಸ್ನೇಹಿತರೇ, ಹೆಂಡತಿ ಇಂದು ಸಂಜೆಯೊಳಗೆ ತನ್ನ ಶಾಲೆಯ ಅಂಕಪಟ್ಟಿ ಟೈಪ್ ಮಾಡಿ ಕೊಡಬೇಕಿತ್ತು. ಬೆಳಿಗ್ಗೆಯಿಂದ ನಮ್ಮ ಕಂಪ್ಯೂಟರ್ ನಾಲ್ಕು ಸಲ ತಾನಾಗಿ ಬಂದ್ ಆಯಿತು. ನಾಲ್ಕೂ ಸಲ ಪಟ್ಟಿ ಮೊದಲಿನಿಂದ. ಹೊನ್ನಾವರದಿಂದ ಬಂದ ರಿಪೇರಿಯವರು ಮೇಜಿನಡಿ ಬಗ್ಗಿ, ಸಿಪಿಯು ಹಿಂಬದಿಯಿಂದ ಅಪ್ಪನ ಒದ್ದೆ ಬನಿಯನ್ ಎಳೆದರು.

"ಇದೆಂತದು ಮಾರಾಯ್ರೆ? ಬಿಸಿಗಾಳಿ ಹೊರಗೆ ಹೋಗದಿದ್ರೆ ಅದು ಬಂದ್ ಆಗ್ದೆ ಎಂತ ಮಾಡ್ತದೆ?"

"ವಾರದಿಂದ ಬಿಸ್ಲಿಲ್ಲ. ಅಷ್ಟು ಬಿಸಿಗಾಳಿ ಸುಮ್ನೆ ಹಾಳಾಗ್ತಿತ್ತಲ್ಲ" ಎಂದರು ಅಪ್ಪ.

"ಪಟ್ಟಿ ಮುಗೀದಿದ್ರೆ ಹೆಡ್‌ಮಾಸ್ಟ್ರಿಗೆ ಆ ಬನಿಯನ್ನೇ ಕೊಡ್ತೇನೆ" ಎಂದಳು ಹೆಂಡತಿ.

ಪಟ್ಟಿ ಮುಗಿಯಿತು. ಅಷ್ಟರಲ್ಲಿ ರಿಪೇರಿಯವರು ತಮ್ಮ ಒದ್ದೆ ಕರವಸ್ತ್ರವನ್ನು ಅದೇ ಜಾಗಕ್ಕೆ ಹಿಡಿದು ಕುಳಿತಿದ್ದರು. ನಾನು ನೋಡಿದಾಗ ಹೇಳಿದರು: "ಐದೇ ನಿಮಿಷ. ಎಂತದೂ ಆಗೂದಿಲ್ಲ."