ಸುತ್ತುಪುಸ್ತಕದ ಹನ್ನೊಂದು ನಿಯಮಗಳು

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ, ಬಸ್ಸಿನಲ್ಲಿ ಓಡಾಡುವಾಗ ಹರಿಯದಿರಲೆಂದು ಕಂಬಳಿಯ ತುಂಡಿನಲ್ಲಿ ಹೊಲಿಸಿದ ಒಂದು ಚೀಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಸಮಿತಿಗಿದ್ದ ಚರಾಸ್ತಿ ಇಷ್ಟೇ, ಸ್ಥಿರಾಸ್ತಿ ಎಂದರೆ ನನ್ನ ಹಟವೊಂದೇ. ನಮ್ಮ ಬೇಡಿಕೆಯೂ ಚಿಕ್ಕದೇ. ಕುರಿಗೆ ಕಾಯಿಲೆಯಾದರೆ ಪಟ್ಟಣದ ತನಕ ಹೊತ್ತು ತರಬೇಕಾಗಿದ್ದ ಹಳ್ಳಿಗಳಿಗೆ ವಾರಕ್ಕೊಮ್ಮೆ ಪಶುವೈದ್ಯರು ತಾವಾಗಿ ಬರಬೇಕು, ಅಷ್ಟೆ.

ಸದಸ್ಯರು ನಾಲ್ವರು. ಚಿತ್ರದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ನಾನು. ಹೊಳಲ್ಕೆರೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ರಾಮಣ್ಣನವರು, ಅರ್ಜಿ ಬರೆಯಲು ಕಾರಣವೇ ಬೇಡವಾಗಿದ್ದ ಸಜ್ಜನರು. ಹೊಸದುರ್ಗದಲ್ಲಿ ಬಟ್ಟೆ ಅಂಗಡಿಯ ರುದ್ರಪ್ಪ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಕೆಂಚಮ್ಮ. ಈ ನಾಲ್ವರಲ್ಲಿ ಕುರಿ ಸಾಕಿದ್ದವರು ಕೆಂಚಮ್ಮ ಒಬ್ಬರೇ. ಉಳಿದ ಮೂವರಿಗೆ ಕುರಿಯ ಬಗ್ಗೆ ಇದ್ದದ್ದು ತತ್ತ್ವ. ಒಂದು ಕಡೆ ಕೂಡಿ ಸಭೆ ನಡೆಸೋಣವೆಂದರೆ ನಾಲ್ಕು ಊರಿನ ಬಸ್ಸುಗಳಿಗೂ ಒಂದರ ಮುಖ ಇನ್ನೊಂದು ನೋಡುವ ಅಭ್ಯಾಸವಿರಲಿಲ್ಲ. ಹಾಗಾಗಿ ನಾನೊಂದು ಉಪಾಯ ಹೂಡಿದೆ. ಪುಸ್ತಕವೇ ಊರಿಂದೂರಿಗೆ ಸುತ್ತಲಿ, ಅದು ಬಂದಾಗ ಒಬ್ಬೊಬ್ಬರೂ ತಮ್ಮ ಮಾತು ಬರೆದು ಮುಂದಿನವರಿಗೆ ಸಾಗಿಸಲಿ. ಕಂಡಕ್ಟರುಗಳು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ಮೊದಲ ಸುತ್ತು ಮುಗಿದು ಪುಸ್ತಕ ನನ್ನ ಕೈ ಸೇರಿದಾಗ ತಲೆಯ ಮೇಲೆ ಕೈ ಇಟ್ಟುಕೊಂಡೆ. ರಾಮಣ್ಣನವರು ನಾನು ಬರೆದಿದ್ದ ಮೂರು ಪುಟಗಳನ್ನು ಅಕ್ಷರ ಬಿಡದೆ ಹಾಗೆಯೇ ಪ್ರತಿ ಮಾಡಿ, ಕೆಳಗೆ ‘ಒಪ್ಪಿಗೆ’ ಎಂದು ಒಂದೇ ಒಂದು ಪದ ಬರೆದಿದ್ದರು. ರುದ್ರಪ್ಪ ಆ ಪ್ರತಿಯನ್ನೂ ಪ್ರತಿ ಮಾಡಿ ‘ನನ್ನದೂ ಒಪ್ಪಿಗೆ’ ಎಂದು ಸೇರಿಸಿ, ಪುಟದ ತುದಿಯಲ್ಲಿ, ಹೊಸ ಪಂಚೆಗಳು ಬಂದಿರುವುದಾಗಿ ಸಮಿತಿಯ ಗಮನಕ್ಕೆ ತಂದಿದ್ದ.

ಗೆಳೆಯರೇ, ನಿಯಮ ಬರೆಯುವುದರಲ್ಲಿ ಒಂದು ವಿಚಿತ್ರ ಸುಖವಿದೆ. ಲೋಕವೆಲ್ಲ ಕೆಟ್ಟಿದೆ, ತಾನೊಬ್ಬ ನೆಟ್ಟಗಿದ್ದೇನೆ ಎಂಬ ನಂಬಿಕೆ ಆ ಹೊತ್ತಿನಲ್ಲಿ ಮನುಷ್ಯನಿಗೆ ಬರುವಷ್ಟು ಗಟ್ಟಿಯಾಗಿ ಬೇರೆ ಯಾವ ಹೊತ್ತಿನಲ್ಲೂ ಬರುವುದಿಲ್ಲ. ಭಾನುವಾರವೊಂದನ್ನು ಪೂರ್ತಿ ಸುರಿದು ನಾನು ಹನ್ನೊಂದು ನಿಯಮಗಳನ್ನು ರಚಿಸಿ ರಟ್ಟಿನ ಒಳಬದಿಗೆ ಅಂಟಿಸಿದೆ. ಪುಸ್ತಕವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಹಿಂದಿನವರ ಮಾತನ್ನು ಇಡಿಯಾಗಿ ಪ್ರತಿ ಮಾಡಬಾರದು, ಮೇಲೆ ವಿಷಯವೇನೆಂದು ಬರೆದು ಅಡಿಗೆರೆ ಎಳೆಯಬೇಕು, ಬರೀ ಒಪ್ಪಿಗೆಯಾದರೆ ಅಂಚಿನಲ್ಲಿ ಸಹಿ ಸಾಕು, ಸಿಟ್ಟು ಬಂದರೆ ಮಜ್ಜಿಗೆ ಕುಡಿದು ಒಂದು ದಿನ ಬಿಟ್ಟು ಬರೆಯಬೇಕು, ದೊಡ್ಡ ಅಕ್ಷರದಲ್ಲಿ ಬರೆದರೆ ಕೂಗಿದಂತೆ ಲೆಕ್ಕ, ಒಕ್ಕಣೆ ಒಂದು ಸಾಲು ಮೀರಬಾರದು, ಪಂಚೆ ಮಾರಬಾರದು, ಹೀಗೆ. ಇವುಗಳ ನಡುವಿನ ಏಳನೆಯದು ನನಗೆ ಬಹಳ ಪ್ರಿಯವಾದದ್ದು: ಮನೆಯ ಸುದ್ದಿ, ಸ್ವಂತದ ಕಷ್ಟಸುಖ ಇಲ್ಲಿ ಬೇಡ, ಹೋರಾಟಕ್ಕೆ ಸಂಬಂಧಿಸಿದ್ದು ಮಾತ್ರ. ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಹೊಣೆಯನ್ನು ನಾನೇ, ಯಾರೂ ಕೇಳದಿದ್ದರೂ, ಹೊತ್ತುಕೊಂಡೆ.

ನಿಯಮಗಳು ಬಂದ ಮೇಲೆ ಚರ್ಚೆಗೆ ಕಳೆ ಏರಿತೆಂದೇ ಹೇಳಬೇಕು. ‘ಪೂಜ್ಯರಾದ’ ಎಂದು ಶುರುವಾಗಿ ಆರು ಸಾಲು ಓಡುವ ತಮ್ಮ ಒಕ್ಕಣೆಯನ್ನು ಮೊಟಕುಗೊಳಿಸುವುದು ಹಿರಿಯರಿಗೆ ಮಾಡುವ ಅವಮಾನವೆಂದು ರಾಮಣ್ಣನವರು ಎರಡು ಪುಟ ಬರೆದರು. ಸಿಟ್ಟಿಗೆ ಮಜ್ಜಿಗೆಯೇ ಏಕೆ, ತನಗೆ ಅದು ಶೀತವಾಗುತ್ತದೆಂದು ರುದ್ರಪ್ಪ ತಿದ್ದುಪಡಿ ತಂದ. ನಾನು ಇಬ್ಬರಿಗೂ ಉತ್ತರಿಸಿದೆ. ನನ್ನ ಉತ್ತರಕ್ಕೆ ಇಬ್ಬರೂ ಉತ್ತರಿಸಿದರು. ಮೂರು ತಿಂಗಳಲ್ಲಿ ಪುಸ್ತಕದ ಅರ್ಧ ತುಂಬಿತು, ವೈದ್ಯರನ್ನು ಕಳಿಸಿರೆಂಬ ಅರ್ಜಿಯ ಮೊದಲ ವಾಕ್ಯ ಇನ್ನೂ ಹುಟ್ಟಿರಲಿಲ್ಲ, ಆದರೂ ಹೋರಾಟ ಭರದಿಂದ ಸಾಗಿದೆಯೆಂದು ನಾವು ಮೂವರೂ ನಂಬಿದ್ದೆವು.

ಕೆಂಚಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಸರದಿ ಬಂದಾಗ ಹರಿಯಬ್ಬೆಯ ಬಸ್ಸಿನ ಕಂಡಕ್ಟರ್ ರಹಮಾನ್ ಸಾಬರು ಫುಟ್‌ಬೋರ್ಡಿನ ಮೇಲೆ ಕುಳಿತು, ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದರು. ಅಷ್ಟು ಹೊತ್ತೂ ಬಸ್ಸು ನಿಂತಿರುತ್ತಿತ್ತು, ಪ್ರಯಾಣಿಕರು ನಡುನಡುವೆ ಒಂದೊಂದು ಮಾತು ಸೇರಿಸುತ್ತಿದ್ದರು. ಸಾಮಾನ್ಯವಾಗಿ ಅವರದು ಒಂದೇ ಸಾಲು: ‘ಎಲ್ರೂ ಚೆನ್ನಾಗಿದೀರಾ.’ ಅದಕ್ಕೂ ನಾನು ಗೆರೆ ಎಳೆದಿದ್ದೆನೆಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ.

ಒಂದು ಸಲ ಮಾತ್ರ ಸಾಲುಗಳು ಹೆಚ್ಚಿದ್ದವು. ‘ಆರು ಕುರಿ ಮೇವು ಬಿಟ್ಟಾವೆ. ಬಾಯಾಗೆ ಜೊಲ್ಲು ಸುರಿತೈತೆ, ಗೊರಸಿನ ಹತ್ರ ಹುಣ್ಣು ಆಗ್ಯಾವೆ. ಏನ್ ಮಾಡಾಣ, ಗೊತ್ತಿದ್ದೋರು ಹೇಳ್ರಿ.’ ನಾನು ಓದಿದೆ. ವಿಷಯವೇನೆಂದು ಮೇಲೆ ಬರೆದಿಲ್ಲ, ಅಡಿಗೆರೆಯಿಲ್ಲ, ಸಾಲದ್ದಕ್ಕೆ ಪೂರಾ ಮನೆಯ ಸುದ್ದಿ. ಉದ್ದಕ್ಕೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಅಪ್ರಸ್ತುತ, ಏಳನೆಯ ನಿಯಮ ನೋಡಿ’ ಎಂದು ದುಂಡಗೆ ಬರೆದು, ಒಕ್ಕಣೆಯ ಬಗ್ಗೆ ನನ್ನ ನಾಲ್ಕನೆಯ ಉತ್ತರವನ್ನು ಮುಗಿಸಿ ಹೊಳಲ್ಕೆರೆಗೆ ಕಳಿಸಿದೆ.

ಹದಿನೈದು ದಿನಗಳ ಮೇಲೆ ಪುಸ್ತಕ ಹೊಸದುರ್ಗದಿಂದ ಹರಿಯಬ್ಬೆಗೆ ಹೋಗುವ ದಾರಿಯಲ್ಲಿ ದುರ್ಗಕ್ಕೆ ಬಂತು. ಅಲ್ಲಿ ಬಸ್ಸು ಬದಲಾಗಬೇಕಿತ್ತು, ಬದಲಿಸುವವನು ನಾನೇ. ಚೀಲವನ್ನು ರಹಮಾನ್ ಸಾಬರ ಕೈಗೆ ಕೊಡುವಾಗ ಅವರು, “ಆ ಯಮ್ಮನ ಕುರಿಗೆ ಏನ್ ಬರ್ದವ್ರೆ ಮೇಷ್ಟ್ರೇ, ಬರೇ ಓದಿಬಿಡ್ರಿ, ಬಾಯಾಗೇ ಹೇಳಿಬಿಡ್ತೀನಿ. ದಿನಾ ಬಂದು ಕೇಳ್ತಾಳೆ” ಎಂದರು.

ಠೀವಿಯಿಂದ ಪುಸ್ತಕ ಬಿಚ್ಚಿದೆ. ರಾಮಣ್ಣನವರು ಪೆನ್ಸಿಲಿನ ಬರಹ ಅಳಿಸಿಹೋಗುವುದರಿಂದ ಸದಸ್ಯರು ಶಾಯಿಯನ್ನೇ ಬಳಸತಕ್ಕದ್ದೆಂದು ಸೂಚಿಸಿದ್ದರು. ರುದ್ರಪ್ಪ ಅಂಚಿನಲ್ಲಿ, ನಿಯಮದ ಪ್ರಕಾರವೇ, ಬರೀ ಸಹಿ ಹಾಕಿದ್ದ. ಮತ್ತೆ ಮತ್ತೆ ಪುಟ ತಿರುವಿದೆ. ಕುರಿಗಾಗಿ ಕಟ್ಟಿದ ಸಮಿತಿಯಲ್ಲಿ ಕುರಿಯ ಸುದ್ದಿ ಬಂದದ್ದು ಅದೊಂದೇ ಸಲ, ಅದನ್ನು ಹೊಡೆದು ಹಾಕಿದ್ದವನು ನಾನು. ನನಗೆ ಬಹಳ ನಾಚಿಕೆಯಾಯಿತು. ನಾನೇ ಬಂದು ಹೇಳುತ್ತೇನೆಂದು ಸಾಬರಿಗೆ ಹೇಳಿ, ಚೀಲ ಹಿಡಿದು ಅದೇ ಬಸ್ಸು ಹತ್ತಿದೆ.

ಕೆಂಚಮ್ಮ ಹಟ್ಟಿಯ ಮುಂದೆ ಕುರಿಗಳಿಗೆ ನೀರು ತೋರಿಸುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡರು.

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಪುಸ್ತಕ ನೀವೇ ತಂದ್ರಾ? ಬಿಸ್ಲಾಗೆ ಯಾಕ್ ಬರಾಕೆ ಹೋದ್ರಿ.”

“ಕುರಿ ಹೇಗಿವೆಯಮ್ಮ?” ಎಂದೆ.

“ಒಂದು ಹೋಯ್ತು. ಐದು ಉಳ್ಕಂಡಾವೆ. ಉತ್ರ ಬರಾತಂಕ ಕಾಯಾಣ ಅಂತ ಕಾದೆ, ಆಮೇಲೆ ಗಾಡಿ ಕಟ್ಟಿಸ್ಕಂಡು ಹಿರಿಯೂರು ಆಸ್ಪತ್ರಿಗೆ ಹೊಡ್ಕಂಡ್ ಹೋದೆ. ಡಾಕುಟ್ರು ಔಷ್ದಿ ಕೊಟ್ರು, ಹೆಂಗೆ ಹಚ್ಚಾದು ಅಂತ ತೋರ್ಸಿಕೊಟ್ರು. ಅದಿರ್ಲಿ, ಎಲ್ರೂ ಏನ್ ಬರ್ದವ್ರೆ, ಓದ್ರಿ ಕೇಳಾಣ.”

ಆ ಹೊತ್ತಿಗೆ ಏನಾದರೊಂದು ಕಟ್ಟಿ ಓದಿಬಿಡಬಹುದಿತ್ತು, ಆಸೆಯೂ ಆಯಿತು. ಆದರೆ ಅವರು ಸೆರಗು ಹೊದ್ದು, ದೊಡ್ಡ ಕಾಗದ ಬಂದಿದೆಯೆಂಬಂತೆ ನನ್ನೆದುರು ಕುಳಿತುಬಿಟ್ಟಿದ್ದರು. ಇದ್ದದ್ದನ್ನೇ ಓದಿದೆ: ಅಪ್ರಸ್ತುತ, ಏಳನೆಯ ನಿಯಮ ನೋಡಿ.

“ಹಂಗಂದ್ರೆ ಏನ್ರಿ?”

“ಇದಕ್ಕೂ ನಮ್ಮ ಹೋರಾಟಕ್ಕೂ ಸಂಬಂಧ ಇಲ್ಲ ಅಂತ.”

“ಹಂಗಾರೆ ನಾವು ಹೋರಾಟ ಮಾಡ್ತಿರಾದು ಯಾತಕ್ಕೆ ಮೇಷ್ಟ್ರೇ?” ಎಂದರು. ಚುಚ್ಚಲು ಕೇಳಿದ್ದಲ್ಲ ಅದು. ಓದಿದವನು, ಗೊತ್ತಿರಬಹುದು ಎಂದು ಕೇಳಿದ್ದು. ಅದನ್ನು ಬರೆದವನು ನಾನೇ ಎಂದು ಹೇಳಿದೆ. ಅವರಿಗೆ ನನ್ನ ಮೇಲೆ ಕನಿಕರ ಬಂದಂತಿತ್ತು. “ಕೆಲ್ಸ ಜಾಸ್ತಿ ಅಲ್ವಾ ನಿಮ್ಗೆ” ಎಂದು ಎದ್ದುಹೋಗಿ ಮಜ್ಜಿಗೆ ತಂದುಕೊಟ್ಟರು.

ಬಸ್ಸು ತಿರುಗಿ ಬಂದು ಹಾರನ್ ಹೊಡೆಯತೊಡಗಿತು. ಅವರ ಸರದಿ ಇನ್ನೂ ಬಾಕಿಯಿತ್ತು. ಇವತ್ತು ನಾನೇ ಬರೆಯುತ್ತೇನೆ, ಎಲ್ಲರಿಗೂ ಏನು ಹೇಳಬೇಕೋ ಹೇಳಿರಮ್ಮ ಎಂದೆ. ಅವರು ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು. ನಾನು ಒಂದಕ್ಷರವೂ ತಿದ್ದದೆ ಬರೆದುಕೊಂಡೆ.

“ಯಾರ ಕುರಿಗಾದ್ರೂ ಹಿಂಗೇ ಆದ್ರೆ, ಬರ್ಕಂತ ಕುಂತ್ಕಬ್ಯಾಡ್ರಿ. ಸೀದಾ ಹೊಡ್ಕಂಡು ನಮ್ಮಟ್ಟಿಗೆ ಬರ್ರಿ. ಔಷ್ದಿ ಇನ್ನೂ ಮಿಕ್ಕೈತೆ.”