ಕೂಪನ್ನಿನ ಹಿಂದಿದ್ದ ಕಳ್ಳ

ಬೀಜದ ಕಂಪನಿ ಕೆಲಸಕ್ಕೆ ಶಿರಾಕ್ಕೆ ಹೋದಾಗಲೆಲ್ಲ ಹಳೇ ಚಿತ್ರಕಥೆ ಪುಸ್ತಕ ಹುಡುಕೋದು ನನ್ನ ಚಟ. ನನ್ನ ಹತ್ತಿರ ಇದ್ದ ಒಂದು ಪತ್ತೇದಾರಿ ಸಂಚಿಕೆಯ ಕೊನೇ ಪುಟದಲ್ಲಿ ಬಹುಮಾನದ ಕೂಪನ್ನನ್ನು ಯಾರೋ ಕತ್ತರಿಸಿಕೊಂಡಿದ್ದರು. ಅದರ ಹಿಂಬದಿಯಲ್ಲಿದ್ದ ಕಳ್ಳನ ಮುಖವೂ ಹೋಗಿ, ಕಳ್ಳ ಯಾರೆಂದೇ ಗೊತ್ತಾಗಿರಲಿಲ್ಲ. ಎಂಟು ವರ್ಷದ ಮೇಲೆ ರದ್ದಿ ಅಂಗಡಿಯೊಂದರಲ್ಲಿ ಅದೇ ಸಂಚಿಕೆ ಸಿಕ್ಕಿತು. ಕಟ್ಟಿದ್ದ ದಾರ ಬಿಚ್ಚಿಯೂ ನೋಡದೆ ಕೇಳಿದಷ್ಟು ಕೊಟ್ಟೆ. ಆಮೇಲೆ ಬಿಚ್ಚಿದರೆ ಇದರಲ್ಲೂ ಅದೇ ಜಾಗದಲ್ಲಿ ಚೌಕದ ತೂತು.

ಅಂಗಡಿಯ ಅಜ್ಜಿ ನನ್ನ ಮುಖ ನೋಡಿ, "ಏನಾಯ್ತಪ್ಪ?" ಅಂದರು.

"ಕಳ್ಳ ಯಾರು ಅಂತ ಇದ್ರಲ್ಲೂ ಇಲ್ಲ ಕಣಮ್ಮ."

"ಅಡಿಗೆಯೋನೇ ಕಣಪ್ಪ. ಕೂಪನ್ ಕತ್ತರ್ಸಿದ್ದು ನಾನೇ. ಬಹುಮಾನ ಮಾತ್ರ ಬರ್ಲೇ ಇಲ್ಲ."

ಎದೆ ಹಗುರಾಯಿತು. ಕೂಪನ್ ಕತ್ತರಿಸುವವರು ಮೊದಲು ಕಥೆ ಓದಿರ್ತಾರೆ ಅನ್ನೋದು ಎಂಟು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.